ಯಾವ ಹುಡುಗ, ಅಣ್ಣಾ?

ನಮ್ಮಜ್ಜಿ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಕೂಲಿಯನ್ನು ಕಾಳಿನಲ್ಲಿ ಅಳೆದು ಕೊಡುತ್ತಿದ್ದರಂತೆ. ಕಣದಲ್ಲಿ ರಾಗಿ ಅಳೆಯುವಾಗ ಅಜ್ಜಿ ಸೇರಿನ ಕಡೆ ನೋಡುತ್ತಲೇ ಇರಲಿಲ್ಲ, ಸೇರು ಹಿಡಿದವನ ಕೈ ನೋಡುತ್ತಿದ್ದಳು. ಹೆಬ್ಬೆರಳು ಸೇರಿನ ಒಳಗಿದ್ದರೆ ಅಷ್ಟು ರಾಗಿ ಹೋಯಿತು. "ಸೇರು ಸುಳ್ಳು ಹೇಳಾಕಿಲ್ಲ ಕಣ್ಲಾ, ಹೆಬ್ಬೆಟ್ಟು ಹೇಳ್ತದೆ" ಅನ್ನುತ್ತಿದ್ದಳು.

ಈಚೆಗೆ ಒಂದು ಅಳತೆಯ ಚರಿತ್ರೆ ಓದುತ್ತಾ ಕೂತಿದ್ದಾಗ ಅಜ್ಜಿಯ ಮಾತು ಮತ್ತೆಮತ್ತೆ ನೆನಪಾಯಿತು. ಶಾಲೆಯಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ದಿನಾ ಹಿಡಿದು ಗೋಳು ಹುಯ್ದುಕೊಳ್ಳುತ್ತಾರೆ. ಸುತ್ತ ನಿಂತವರು ನೋಡುತ್ತಾರೆ. ಹದಿಮೂರು, ಹದಿನಾಲ್ಕು, ಹದಿನೈದು ವರ್ಷದವರು. ಅವರ ಮನಸ್ಸು ಯಾರ ಕಡೆಗಿದೆ? ಕಾಟ ಕೊಡುವವನ ಕಡೆಗೋ, ಕಾಟ ತಿನ್ನುವವನ ಕಡೆಗೋ? ಅದನ್ನು ಅಂಕಿಯಲ್ಲಿ ಹೇಳಬಹುದೆ? ಹೇಳಬಹುದು ಅಂತ ಪಂಡಿತರು ಅನ್ನುತ್ತಾರೆ. ಐವತ್ತು ವರ್ಷದಿಂದ ಅಳೆಯುತ್ತಲೂ ಇದ್ದಾರೆ.

ಇಂಗ್ಲಿಷಿನಲ್ಲಿ ಇದಕ್ಕೆ ಬುಲ್ಲಿಯಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದು ಪದ ಹುಡುಕಿ ಸೋತೆ. ರೇಗಿಸೋದು, ಚುಡಾಯಿಸೋದು, ಕೀಟಲೆ, ಗೋಳು ಹುಯ್ಕೊಳ್ಳೋದು. ಎಲ್ಲದರಲ್ಲೂ ಒಂದು ಆಟದ ಧಾಟಿ ಇದೆ, ತಿಂದವನಿಗೂ ಅದು ತಮಾಷೆಯೇ ಆಗಿತ್ತು ಅನ್ನೋ ಹಾಗೆ. ಕಾಲೇಜಿನ ರ್‍ಯಾಗಿಂಗ್ ಮಾತ್ರ ಕಾನೂನಿನ ಪುಸ್ತಕಕ್ಕೆ ಬಂತು, 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೇ ಅದನ್ನು ನಿಷೇಧಿಸುತ್ತದೆ. ಐದನೇ ಕ್ಲಾಸಿನ ಕಾಟಕ್ಕೆ ಇನ್ನೂ ನೆಟ್ಟಗೆ ಹೆಸರಿಲ್ಲ. ನಾನು ಇಲ್ಲಿ ಸುಮ್ಮನೆ ಕಾಟ ಅಂತಲೇ ಬರೆಯುತ್ತೇನೆ.

ಮೊದಲು ಸೇರು ಹೇಗೆ ಬಂತು ಅನ್ನೋದನ್ನು ನೋಡೋಣ.

ಜನರ ಮನೋಭಾವವನ್ನು ಅಂಕಿಗೆ ಇಳಿಸುವ ಕೆಲಸ ಜೋರಾದದ್ದು ಅಮೆರಿಕದಲ್ಲಿ. 1925ರಲ್ಲಿ ಎಮೊರಿ ಬೊಗಾರ್ಡಸ್ ಎಂಬ ಸಮಾಜಶಾಸ್ತ್ರಜ್ಞ ಒಂದು ಏಣಿ ಕಟ್ಟಿದ. ಏಳು ಮೆಟ್ಟಿಲು. ಇಂಥ ಜನಾಂಗದವನನ್ನು ಮದುವೆಯ ಮೂಲಕ ನೆಂಟನಾಗಿ ಒಪ್ಪುತ್ತೀರಾ? ನಿಮ್ಮ ಕ್ಲಬ್ಬಿನಲ್ಲಿ ಗೆಳೆಯನಾಗಿ? ನಿಮ್ಮ ಬೀದಿಯಲ್ಲಿ ನೆರೆಯವನಾಗಿ? ನಿಮ್ಮ ಕಸುಬಿನಲ್ಲಿ ಜೊತೆಗಾರನಾಗಿ? ದೇಶದ ಪ್ರಜೆಯಾಗಿ? ಬಂದು ಹೋಗುವವನಾಗಿ? ಕೊನೆಯದು: ದೇಶದೊಳಕ್ಕೇ ಬಿಟ್ಟುಕೊಳ್ಳಬಾರದೋ? ಇದಕ್ಕೆ ಅವನು ಸಾಮಾಜಿಕ ಅಂತರದ ಅಳತೆ ಎಂದು ಹೆಸರಿಟ್ಟ. ಓದಿದಾಗ ನನಗೆ ನಗು ಬಂತು ಗೆಳೆಯರೇ. ಈ ಏಣಿಯನ್ನು ನಮ್ಮ ಹಳ್ಳಿಗಳು ಕಲ್ಲುಮಣ್ಣಿನಲ್ಲೇ ಕಟ್ಟಿ ನಿಲ್ಲಿಸಿವೆಯಲ್ಲ! ಊರು ಎಲ್ಲಿ ಮುಗಿಯುತ್ತದೆ, ಕೇರಿ ಎಲ್ಲಿ ಶುರುವಾಗುತ್ತದೆ, ಯಾರು ಯಾವ ಮೆಟ್ಟಿಲ ತನಕ ಬರಬಹುದು ಅಂತ ಎಮ್ಮೆಕರುವಿಗೂ ಗೊತ್ತು.

1928ರಲ್ಲಿ ಷಿಕಾಗೋದ ಥರ್ಸ್ಟನ್ ಎಂಬಾತ ಮನೋಭಾವವನ್ನು ಅಳೆಯಬಹುದು ಎಂದೇ ಒಂದು ಲೇಖನ ಬರೆದ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಅದನ್ನು ಸುಲಭ ಮಾಡಿದ. ಒಂದು ಮಾತು ಕೊಡು, ಎದುರಿಗೆ ಐದು ಉತ್ತರ ಇಡು: ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತಾ ಒಪ್ಪುವುದಿಲ್ಲ. ಇವತ್ತು ಬ್ಯಾಂಕಿನವನು, ಮೊಬೈಲ್ ಕಂಪನಿಯವನು, ಬಿ.ಎಡ್. ಪ್ರಾಜೆಕ್ಟ್ ಬರೆಯುವವನು, ಎಲ್ಲರೂ ಬಳಸೋದು ಇದನ್ನೇ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ ಲಿಕರ್ಟ್ ಮೊದಲ ಸಲ ಇದನ್ನು ಕಾಲೇಜು ಹುಡುಗರ ಮೇಲೆ ಪ್ರಯೋಗಿಸಿದಾಗ ಕೇಳಿದ ಮೂರು ವಿಷಯಗಳಲ್ಲಿ ಒಂದು ಕಪ್ಪುಜನರ ಬಗ್ಗೆ ಅವರ ಮನಸ್ಸು. ಇನ್ನೆರಡು ಸಾಮ್ರಾಜ್ಯಶಾಹಿ ಮತ್ತು ಅಂತರರಾಷ್ಟ್ರೀಯತೆ. ಅಂದರೆ ಈ ಸೇರನ್ನು ಎರಕ ಹೊಯ್ದಾಗಲೇ ಅದರೊಳಗೆ ಬಣ್ಣದ ಪ್ರಶ್ನೆ ಇತ್ತು.

ಶಾಲೆಯ ಕಾಟದ ಚರಿತ್ರೆಯೂ ಬಣ್ಣದಿಂದಲೇ ಶುರುವಾಗುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸ್ವೀಡನ್ ದೇಶ. ಅಲ್ಲಿ ಪೀಟರ್-ಪಾಲ್ ಹೈನೆಮನ್ ಎಂಬ ವೈದ್ಯ. ಆತ ಒಂದು ಕಪ್ಪು ಮಗುವನ್ನು ದತ್ತು ತೆಗೆದುಕೊಂಡಿದ್ದ. ಬಿಳಿಯರ ಬಡಾವಣೆ, ಬಿಳಿಯರ ಮಕ್ಕಳು. ಮಗನನ್ನು ಆ ಮಕ್ಕಳು ಗುಂಪು ಕಟ್ಟಿ ಸುತ್ತುವರಿದು ಕಾಡುವುದನ್ನು ಅಪ್ಪ ಕಂಡ. 1969ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದ. ಆ ಲೇಖನಕ್ಕೆ ಅವನಿಟ್ಟ ತಲೆಬರಹ 'ಅಪಾರ್ಥೈಡ್'. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರ ಕಾನೂನು ಮಾಡಿ ನಡೆಸುತ್ತಿದ್ದ ಬಣ್ಣಭೇದದ ಹೆಸರನ್ನು ಈ ಮನುಷ್ಯ ತನ್ನ ಮನೆಯ ಮುಂದಿನ ಮಕ್ಕಳಾಟಕ್ಕೆ ಇಟ್ಟ. ಎಂಥ ಎದೆಗಾರಿಕೆ!

ಆ ಗುಂಪುಗಾರಿಕೆಗೆ ಅವನು ಒಂದು ಪದವನ್ನೂ ತಂದ: ಮಾಬ್ನಿಂಗ್. ಪದ ಸಿಕ್ಕಿದ್ದು ಪ್ರಾಣಿಗಳ ವರ್ತನೆ ಅಭ್ಯಾಸ ಮಾಡಿದ ಕೊನ್ರಾಡ್ ಲೊರೆಂಜನ ಪುಸ್ತಕದಿಂದ. ಹಕ್ಕಿಗಳು ಒಟ್ಟಾಗಿ ಒಂದು ಪ್ರಾಣಿಯ ಮೇಲೆ ಎರಗುವುದಕ್ಕೆ ಅಲ್ಲಿ ಆ ಪದ. ನಾವೆಲ್ಲ ಕಂಡಿದ್ದೀವಿ. ಹಗಲು ಹೊತ್ತು ದಾರಿ ತಪ್ಪಿ ಹೊರಗೆ ಬಂದ ಗೂಬೆಯನ್ನು ಕಾಗೆಗಳು ಸುತ್ತುವರಿದು ಹುಣಸೆಮರದಿಂದ ಹುಣಸೆಮರಕ್ಕೆ ಅಟ್ಟುತ್ತವಲ್ಲ, ಅದು. 1972ರಲ್ಲಿ ಹೈನೆಮನ್ ಇದರ ಮೇಲೆ ಪುಸ್ತಕವನ್ನೇ ಬರೆದ. ಸ್ವೀಡನ್ನಿನಲ್ಲಿ ಚರ್ಚೆ ಹತ್ತಿಕೊಂಡಿತು. ಆದರೆ ಪದ ಮನೆಮಾತಾದಂತೆ ಅದರ ಕಪ್ಪು ಬಣ್ಣ ಮಾಸುತ್ತಾ ಬಂತು. ಯಾವ ಮಗುವಿಗೆ ಬೇಕಾದರೂ ಆಗಬಹುದಾದ ಸಂಕಟ ಎಂದಾಯಿತು. ಯಾವ ಮಗುವಿಗೆ ಬೇಕಾದರೂ ಆಗುತ್ತದೆ, ನಿಜ. ಆದರೂ...

ಇದನ್ನು ಶಿಸ್ತಿನ ಶಾಸ್ತ್ರ ಮಾಡಿದವನು ಡಾನ್ ಓಲ್‌ವಿಯಸ್. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ನಿನಲ್ಲಿ ಬಾಳಿ 2020ರಲ್ಲಿ ತೀರಿಕೊಂಡ ಮನಶ್ಶಾಸ್ತ್ರಜ್ಞ. 1973ರ ಅವನ ಸ್ವೀಡಿಷ್ ಪುಸ್ತಕದ ಹೆಸರಿನಲ್ಲಿ ಕೋಳಿಮರಿ ಇದೆ: ಉಳಿದವು ಕುಕ್ಕಿಕುಕ್ಕಿ ಹಣ್ಣು ಮಾಡುವ ಮರಿ. ಕೋಳಿ ಸಾಕಿದ ಮನೆಯವರಿಗೆ ವಿವರಿಸಬೇಕಿಲ್ಲ. ಒಂದು ಮರಿಗೆ ಸ್ವಲ್ಪ ರಕ್ತ ಕಂಡರೆ ಸಾಕು, ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ. ಅವ್ವ ಅದನ್ನು ಬೇರೆ ಪುಟ್ಟಿಯಲ್ಲಿ ಮುಚ್ಚಿಡುತ್ತಾಳೆ.

ಓಲ್‌ವಿಯಸ್‌ಗೆ ಗುಂಪು ಎಂಬ ಮಾತು ಹಿಡಿಸಲಿಲ್ಲ. ಎಷ್ಟೋ ಸಲ ಕಾಟ ಕೊಡುವವರು ಒಬ್ಬಿಬ್ಬರೇ ಅಂದ. ಅವನು ಕೊಟ್ಟ ವ್ಯಾಖ್ಯೆಯೇ ಇಂದಿಗೂ ಎಲ್ಲ ಕಡೆ ಚಲಾವಣೆಯಲ್ಲಿದೆ. ಬೇಕೆಂದೇ ಮಾಡಿದ್ದಿರಬೇಕು, ಮತ್ತೆಮತ್ತೆ ಮಾಡಿದ್ದಿರಬೇಕು, ಮಾಡುವವನಿಗೂ ಮಾಡಿಸಿಕೊಳ್ಳುವವನಿಗೂ ಬಲದಲ್ಲಿ ಅಂತರ ಇರಬೇಕು. 1982ರ ಕೊನೆಗೆ ನಾರ್ವೆಯ ಉತ್ತರದಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಮೂವರು ಹುಡುಗರು ಜೀವ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕು ಎಂದು ಸುದ್ದಿಯಾಯಿತು. ದೇಶ ನಡುಗಿತು. 1983ರಲ್ಲಿ ಸರ್ಕಾರವೇ ಮುಂದೆ ನಿಂತು ದೇಶಾದ್ಯಂತ ಆಂದೋಲನ ಮಾಡಿತು. ಓಲ್‌ವಿಯಸ್‌ನ ಪ್ರಶ್ನಾವಳಿ ಹಿಡಿದು ಎಣಿಸಿದರು. ಶಾಲಾಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ಇದರಲ್ಲಿ ಸಿಕ್ಕಿಕೊಂಡಿದ್ದಾರೆ, ತಿನ್ನುವವರಾಗಿ ಇಲ್ಲವೇ ಕೊಡುವವರಾಗಿ, ಎಂದು ಲೆಕ್ಕ ಬಂತು. ಬರ್ಗೆನ್ನಿನ 42 ಶಾಲೆಗಳಲ್ಲಿ ಸುಮಾರು 2,500 ಮಕ್ಕಳೊಂದಿಗೆ ಕೆಲಸ ಮಾಡಿ ಎರಡು ವರ್ಷದಲ್ಲಿ ಕಾಟವನ್ನು ಅರ್ಧಕ್ಕರ್ಧ ಇಳಿಸಿದೆವು ಎಂದು ಅವನು ವರದಿ ಮಾಡಿದ. ಸಣ್ಣ ಸಾಧನೆಯಲ್ಲ. ಮೂವರು ಮಕ್ಕಳ ಸಾವಿಗೆ ಒಂದು ಸರ್ಕಾರ ಹೀಗೆ ಎದ್ದು ಕೂರುತ್ತದೆ ಅಂತ ಓದುವಾಗ ನಮ್ಮ ಕಡೆಯ ಹೆಸರುಗಳು ಸಾಲಾಗಿ ನೆನಪಾಗುತ್ತವೆ. ಇರಲಿ.

ನನ್ನ ತಕರಾರು ಬೇರೆ ಕಡೆ ಇದೆ. ಯಾವ ಮಕ್ಕಳು ಸುಲಭಕ್ಕೆ ಬಲಿಯಾಗುತ್ತಾರೆ? ಬೇರೆ ಥರ ಕಾಣುವ ಮಕ್ಕಳು ಅಂತ ಅಲ್ಲಿಯ ಜನರೂ ನಂಬಿದ್ದರು. ಓಲ್‌ವಿಯಸ್ ಇದನ್ನು ಪರೀಕ್ಷೆ ಮಾಡಿ ನೋಡಿ ಅಲ್ಲವೆಂದ. ಕೆಂಪು ಕೂದಲು, ಕನ್ನಡಕ, ದಪ್ಪ ಮೈ, ವಿಚಿತ್ರ ಮಾತು ಇಂಥವು ಕಾಟ ತಿನ್ನದ ಹುಡುಗರಲ್ಲೂ ಅಷ್ಟೇ ಇವೆ. ತಿನ್ನುವವನು ಮೈಯಲ್ಲಿ ಬಲ ಕಡಿಮೆ ಇರುವವನು, ಅಂಜುಕುಳಿ, ಒಂಟಿ, ತಿರುಗಿ ಬೀಳದವನು. ಅವನ ಲೆಕ್ಕ ಅವನು ನೋಡಿದ ಶಾಲೆಗಳಿಗೆ ಸರಿಯೇ ಇದ್ದೀತು. ಆದರೆ ಭೇದ ಅಂದರೆ ಕೆಂಪು ಕೂದಲು ಮತ್ತು ಕನ್ನಡಕ ಎಂದು ಬರೆದುಕೊಂಡಾಗ ಹೆಬ್ಬೆಟ್ಟು ಸೇರಿನೊಳಕ್ಕೆ ಬಂತಲ್ಲ! ಹೈನೆಮನ್ನನ ಮಗ ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತಾನೆ? 1996ರಲ್ಲಿ ಪ್ರಶ್ನಾವಳಿಯನ್ನು ತಿದ್ದಿ ಬರೆದಾಗ ನಿನ್ನ ಜನಾಂಗ, ಬಣ್ಣದ ಬಗ್ಗೆ ಹೀನಾಯವಾಗಿ ಅಂದರೇ ಎಂಬ ಪ್ರಶ್ನೆಗೆ ಜಾಗ ಸಿಕ್ಕಿತು. 2019ರಲ್ಲಿ ಯುನೆಸ್ಕೋ ಲೋಕದ ಲೆಕ್ಕವನ್ನೆಲ್ಲ ಕೂಡಿಸಿ, ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ವಿದ್ಯಾರ್ಥಿ ಹಿಂದಿನ ಒಂದು ತಿಂಗಳಲ್ಲಿ ಕಾಟ ತಿಂದಿದ್ದಾನೆ ಎಂದಿತು. ಕಾರಣಗಳಲ್ಲಿ ಮೈಕಟ್ಟು ರೂಪ ಮೊದಲನೆಯದು, ಜನಾಂಗ ಮತ್ತು ಬಣ್ಣ ಅದರ ಹಿಂದೆಯೇ.

ಇನ್ನೂ ಒಂದಿದೆ. ಬಾಬಾಸಾಹೇಬರು ಸತಾರಾದ ಶಾಲೆಯ ನೆನಪುಗಳನ್ನು ತಾವೇ ಬರೆದಿಟ್ಟಿದ್ದಾರೆ, ಅವರು ತೀರಿಕೊಂಡ ಬಹಳ ಕಾಲದ ಮೇಲೆ, 1990ರಲ್ಲಿ, ಅದು ಪುಸ್ತಿಕೆಯಾಗಿ ಬಂತು. ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕು. ಆ ಗೋಣಿಯನ್ನು ದಿನಾ ಮನೆಗೆ ಹೊತ್ತುಕೊಂಡು ಹೋಗಬೇಕು, ಯಾಕೆಂದರೆ ಕಸ ಗುಡಿಸುವ ಆಳೂ ಅದನ್ನು ಮುಟ್ಟುವುದಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು. ಜವಾನ ಬರದಿದ್ದರೆ ಬಾಯಾರಿಕೊಂಡೇ ಇರಬೇಕು. ಈಗ ಈ ಮಗುವಿನ ಕೈಗೆ ಬರ್ಗೆನ್ನಿನ ಪ್ರಶ್ನಾವಳಿ ಕೊಡಿ ನೋಡೋಣ. ನಿನ್ನನ್ನು ಯಾವ ಹುಡುಗ ಹೊಡೆದ? ಯಾರೂ ಇಲ್ಲ. ಯಾರು ಬೈದರು? ಯಾರೂ ಬೈಯಬೇಕಾಗಿಯೇ ಇಲ್ಲ. ಸಹಪಾಠಿಗಳು ಕೈ ಎತ್ತುವ ಮೊದಲೇ ಶಾಲೆ ಎಲ್ಲ ಕೆಲಸ ಮಾಡಿ ಮುಗಿಸಿದೆ. ಒಬ್ಬ ವಿದ್ಯಾರ್ಥಿಯೋ ಕೆಲವರೋ ಕಾಟ ಕೊಡಬೇಕು ಎಂಬ ವ್ಯಾಖ್ಯೆಯ ಪ್ರಕಾರ ಸತಾರಾದ ಆ ಕೋಣೆಯಲ್ಲಿ ಕಾಟವೇ ನಡೆದಿಲ್ಲ!

ಹಾಗಂತ ಅಳತೆಯನ್ನೇ ತಿಪ್ಪೆಗೆ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಇಬ್ಬರು ಮಾಡಿದ ಅಳತೆ ನನ್ನನ್ನು ಹಿಡಿದುಹಾಕಿತು. ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದೆ.

ಕೆನ್ ರಿಗ್ಬಿ ಮತ್ತು ಫಿಲಿಪ್ ಸ್ಲೀ. 1991ರಲ್ಲಿ ಅವರ ಲೇಖನ ಅಚ್ಚಾಯಿತು. ಅದುವರೆಗೆ ಎಲ್ಲರೂ ಎಷ್ಟು ಮಂದಿ ಕಾಟ ಕೊಟ್ಟರು, ಎಷ್ಟು ಮಂದಿ ತಿಂದರು ಎಂದು ಎಣಿಸುತ್ತಿದ್ದರು. ಇವರು ತಿಂದವನ ಬಗ್ಗೆ ಉಳಿದವರ ಎದೆಯಲ್ಲೇನಿದೆ ಎಂದು ಕೇಳಿದರು. ಆರರಿಂದ ಹದಿನಾರು ವರ್ಷದ 685 ಮಕ್ಕಳು. ಇಪ್ಪತ್ತು ಮಾತುಗಳ ಒಂದು ಪಟ್ಟಿ. ಪ್ರತಿ ಮಾತಿಗೂ ಮೂರು ಚೌಕ: ಒಪ್ಪುತ್ತೇನೆ, ಗೊತ್ತಿಲ್ಲ, ಒಪ್ಪುವುದಿಲ್ಲ. ಕೆಲವು ಮಾತು ಕಾಟ ತಿಂದವನ ಪರ ಇರುತ್ತವೆ, ಅವನಿಗೆ ಯಾರಾದರೂ ಸಹಾಯ ಮಾಡಿದರೆ ನನಗೆ ಖುಷಿ ಎಂಬ ಅರ್ಥದವು. ಕೆಲವು ವಿರುದ್ಧ, ಮೆತ್ತಗಿರುವವರನ್ನು ಕಂಡರೆ ಮೈ ಉರಿಯುತ್ತದೆ, ಅಂಥವರ ಸಹವಾಸ ಬೇಡ ಎಂಬ ಅರ್ಥದವು. ಎರಡನ್ನೂ ಬೆರೆಸಿ ಇಡುತ್ತಾರೆ. ಕಣ್ಣುಮುಚ್ಚಿ ಎಲ್ಲದಕ್ಕೂ ಒಪ್ಪುತ್ತೇನೆ ಎಂದು ಗೀಟು ಎಳೆದವನು ಸಿಕ್ಕಿಬೀಳಲಿ ಅಂತ. ವಿರುದ್ಧದ ಮಾತುಗಳ ಅಂಕಿಯನ್ನು ತಿರುಗಿಸಿ ಕೂಡುತ್ತಾರೆ. ಮೊತ್ತ ಹೆಚ್ಚಿದ್ದಷ್ಟೂ ಆ ಮಗು ನೊಂದವನ ಪರ.

ಬಂದ ಫಲ ಕೇಳಿ. ಸುಮಾರು ಹತ್ತರಲ್ಲಿ ಒಂದು ಮಗು ಕಾಟ ತಿನ್ನುತ್ತಿತ್ತು. ಹುಡುಗಿಯರು ಹುಡುಗರಿಗಿಂತ ನೊಂದವನ ಪರ ಹೆಚ್ಚು ವಾಲಿದ್ದರು. ವಯಸ್ಸು ಏರಿದಂತೆ ಕಾಟ ಸ್ವಲ್ಪ ಕಡಿಮೆಯಾಗುತ್ತಿತ್ತು. ಆದರೆ ಅದೇ ವಯಸ್ಸು ಏರಿದಂತೆ ಕಾಟ ತಿನ್ನುವವನ ಬಗೆಗಿನ ಕರುಣೆಯೂ ಇಳಿಯುತ್ತಿತ್ತು! ಇನ್ನೊಮ್ಮೆ ಓದಿ. ಏಳನೇ ವರ್ಷದ ಮಗು ಅಯ್ಯೋ ಪಾಪ ಅನ್ನುವ ಕಡೆ ಹದಿನಾಲ್ಕರ ಹುಡುಗ ಬೇಕಾಗಿತ್ತು ಅವನಿಗೆ ಅನ್ನತೊಡಗುತ್ತಾನೆ. ಉತ್ತರಗಳನ್ನೆಲ್ಲ ಗಣಿತದಿಂದ ಜಾಲಾಡಿದಾಗ ಮೂರು ಎಳೆ ಬಿಡಿಯಾಗಿ ಕಂಡವು: ತಿಂದವನ ಬಗ್ಗೆ ತಿರಸ್ಕಾರ, ಕೊಟ್ಟವನ ಬಗ್ಗೆ ಮೆಚ್ಚುಗೆ, ಯಾರಾದರೂ ನಡುವೆ ಬಂದು ಬಿಡಿಸಬೇಕು ಎಂಬ ಆಸೆ. ಈ ಮೂರೂ ಒಂದೇ ಎದೆಯಲ್ಲಿ ಒಟ್ಟಿಗೆ ಇರಬಲ್ಲವು.

ಇರಬಲ್ಲವು ಅಂತ ನನಗೆ ಗೊತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಹಾಸ್ಟೆಲ್ಲಿನಲ್ಲಿದ್ದೆ. ಎಲ್ಲ ನಮ್ಮ ಹುಡುಗರೇ. ಸಂಜೆ ಬಾಬಾಸಾಹೇಬರ ಫೋಟೋಕ್ಕೆ ಕೈ ಮುಗಿದು ಊಟಕ್ಕೆ ಕೂರುತ್ತಿದ್ದೆವು. ಅಲ್ಲಿಗೆ ಏಳನೇ ಕ್ಲಾಸಿನ ಒಬ್ಬ ಹುಡುಗ ಬಂದ. ಅವನಪ್ಪ ಪಟ್ಟಣದಲ್ಲಿ ಪೌರಕಾರ್ಮಿಕ. ನಮ್ಮ ಕೇರಿಯವರೂ ತಮಗಿಂತ ಕೆಳಗೆ ಅಂದುಕೊಂಡಿರುವ ಜಾತಿ. ಗೆಳೆಯರೇ, ನಮ್ಮಲ್ಲೂ ಇದೆ, ಮುಚ್ಚಿಟ್ಟರೆ ವಾಸನೆ ಹೋಗೋದಿಲ್ಲ. ಅವನಿಗೆ ಫಿನಾಯಿಲು ಅಂತ ಹೆಸರಿಟ್ಟೆವು. ತಟ್ಟೆ ಹಿಡಿದು ಬಂದರೆ ಸಾಲಿನವರೆಲ್ಲ ಮೂಗು ಮುಚ್ಚೋದು. ಹೆಸರಿಟ್ಟವನು ನಾನಲ್ಲ. ನಗುತ್ತಿದ್ದವರಲ್ಲಿ ನಾನಿದ್ದೆ. ಗಟ್ಟಿಯಾಗಿಯೇ ನಗುತ್ತಿದ್ದೆ, ಯಾಕೆಂದರೆ ಅದೇ ತಾಲೂಕಿನ ಹೈಸ್ಕೂಲಿನಲ್ಲಿ ಹಗಲೆಲ್ಲ ನನ್ನನ್ನು ನೋಡಿ ನಗುವವರು ಬೇರೆ ಇದ್ದರು. ಅವನು ಒಂದು ದಿನವೂ ಅಳಲಿಲ್ಲ, ತಿರುಗಿ ಬೈಯಲೂ ಇಲ್ಲ. ಅದಕ್ಕೇ ನನಗೆ ಅವನ ಮೇಲೆ ಸಿಟ್ಟು. ಬೈಯೋ ಮುಂಡೇದೆ ಅಂತ ಒಳಗೇ ಕುದಿಯುತ್ತಿದ್ದೆ. ದಸರಾ ರಜಕ್ಕೆ ಹೋದವನು ಮತ್ತೆ ಬರಲಿಲ್ಲ. ಅಡಿಗೆಯ ಅಣ್ಣ ಅವನ ತಟ್ಟೆಯನ್ನು ಬೇರೊಬ್ಬನಿಗೆ ಕೊಟ್ಟ. ಆ ಬೇರೊಬ್ಬ ಅದನ್ನು ಮೂರು ಸಲ ಬೂದಿ ಹಾಕಿ ತಿಕ್ಕಿದ್ದನ್ನು ನಾನು ನೋಡಿದ್ದೇನೆ.

ಆ ವರ್ಷ ಯಾರಾದರೂ ಅಡಿಲೇಡಿನ ಹಾಳೆಯನ್ನು ನನ್ನ ಮುಂದೆ ಇಟ್ಟಿದ್ದರೆ? ಯಾರಾದರೂ ಬಿಡಿಸಬೇಕು ಎಂಬುದಕ್ಕೆ ಒಪ್ಪುತ್ತೇನೆ ಅನ್ನುತ್ತಿದ್ದೆ. ಮೆತ್ತಗಿರುವವರನ್ನು ಕಂಡರೆ ಮೈ ಉರಿಯುತ್ತದೆ ಎಂಬುದಕ್ಕೂ ಒಪ್ಪುತ್ತೇನೆ ಅನ್ನುತ್ತಿದ್ದೆ. ಎರಡೂ ಸತ್ಯ.

ಈ ಸಿಟ್ಟು ಎಲ್ಲಿಂದ ಬರುತ್ತದೆ? ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞ ಜೊತೆಗಾತಿಯೊಬ್ಬಳೊಡನೆ 1966ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಒಬ್ಬಾಕೆ ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟಿನ ಷಾಕ್ ತಿನ್ನುವಂತೆ ನಟಿಸುತ್ತಾಳೆ. ನಟನೆ ಎಂದು ನೋಡುವ ವಿದ್ಯಾರ್ಥಿನಿಯರಿಗೆ ಗೊತ್ತಿಲ್ಲ. ಅದನ್ನು ನಿಲ್ಲಿಸುವ ಅವಕಾಶ ಸಿಕ್ಕಾಗ ನಿಲ್ಲಿಸಿದರು. ಅವಕಾಶ ಇಲ್ಲದೆ, ಇನ್ನೂ ತಿನ್ನುತ್ತಲೇ ಇರುತ್ತಾಳೆ ಎಂದು ತಿಳಿದಾಗ, ಆಕೆಯನ್ನೇ ಕೀಳಾಗಿ ಕಂಡರು. ಲೋಕ ನ್ಯಾಯವಾಗಿದೆ ಎಂದು ನಂಬದೆ ಮನುಷ್ಯರಿಗೆ ನಿದ್ದೆ ಬರುವುದಿಲ್ಲ, ಅದಕ್ಕಾಗಿ ನೊಂದವರಲ್ಲೇ ಏನೋ ತಪ್ಪು ಹುಡುಕುತ್ತಾರೆ ಎಂದು ಲರ್ನರ್ ವಾದಿಸಿದ. ಅಮೆರಿಕದವರು ಇದನ್ನು ಕಂಡುಹಿಡಿಯಲು ಲ್ಯಾಬು ಕಟ್ಟಬೇಕಾಯಿತು. ನಮ್ಮಲ್ಲಿ ಅದಕ್ಕೆ ಹಿಂದಿನ ಜನ್ಮದ ಕರ್ಮ ಅಂತ ಹೆಸರಿಟ್ಟು ಪೂಜೆ ಮಾಡಿಕೊಂಡು ಬಂದಿದ್ದಾರೆ. ಹದಿನಾಲ್ಕರ ಹುಡುಗನ ಕರುಣೆ ಇಳಿಯುವುದಕ್ಕೆ ಪಂಡಿತರು ಬೇರೆ ಕಾರಣಗಳನ್ನೂ ಹೇಳುತ್ತಾರೆ. ಗಂಡಸುತನ ತೋರಿಸುವ ವಯಸ್ಸು, ಗುಂಪಿನಲ್ಲಿ ಜಾಗ ಹುಡುಕುವ ವಯಸ್ಸು. ಅದೂ ನಿಜ. ನನ್ನ ಅನುಭವ ಕೇಳಿದರೆ, ಲೋಕದ ಏಣಿ ಪೂರ್ತಿ ಕಣ್ಣಿಗೆ ಬೀಳುವುದೇ ಆ ವಯಸ್ಸಿನಲ್ಲಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಗೊತ್ತಾದವನು ಕೆಳಗಿನ ಮೆಟ್ಟಿಲನ್ನು ತುಳಿದು ನೋಡುತ್ತಾನೆ, ಗಟ್ಟಿ ಇದೆಯೋ ಇಲ್ಲವೋ ಅಂತ.

ಕಾಗದದ ಮೇಲಿನ ಕರುಣೆ ಮೈದಾನದಲ್ಲಿ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಕೆನಡಾದ ಟೊರಾಂಟೋ ಶಾಲೆಗಳ ಆಟದ ಬಯಲಿನಲ್ಲಿ ಕ್ಯಾಮೆರಾ ಇಟ್ಟು ಕಾಟದ 53 ತುಣುಕುಗಳನ್ನು ನೋಡಿದರು, 1999ರಲ್ಲಿ ಬರೆದರು. ಸುತ್ತಲಿನ ಮಕ್ಕಳು ನೂರರಲ್ಲಿ 54 ಪಾಲು ಹೊತ್ತು ಸುಮ್ಮನೆ ನೋಡುತ್ತಾ ನಿಂತಿದ್ದರು, 21 ಪಾಲು ಹೊತ್ತು ತಾವೂ ಕೈ ಸೇರಿಸಿದರು, 25 ಪಾಲು ಹೊತ್ತು ಬಿಡಿಸಲು ನೋಡಿದರು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ 1996ರಲ್ಲಿ ಆರನೇ ತರಗತಿಯ 573 ಮಕ್ಕಳನ್ನು ಅಭ್ಯಾಸ ಮಾಡಿ ಪಾತ್ರಗಳನ್ನು ಬಿಡಿಸಿಟ್ಟಳು. ಕೊಡುವವನು, ಅವನ ಕೈಯಾಳು, ನಕ್ಕು ಹುರಿದುಂಬಿಸುವವನು, ಹೊರಗೆ ನಿಂತವನು, ಕಾಪಾಡುವವನು, ತಿನ್ನುವವನು. ಬಹುಪಾಲು ಮಕ್ಕಳಿಗೆ ಒಂದಲ್ಲ ಒಂದು ಪಾತ್ರ ಇದ್ದೇ ಇತ್ತು. ನನ್ನ ಪಾತ್ರದ ಹೆಸರು ನನಗೆ ಸಿಕ್ಕಿದ್ದು ಈಕೆಯ ಬರಹದಲ್ಲೇ, ಮೂರನೆಯದು. ಆಕೆಯ ಕೆಲಸದಿಂದ ಬೆಳೆದ ಕಾರ್ಯಕ್ರಮವೊಂದನ್ನು ಫಿನ್ಲೆಂಡ್ 2009ರಿಂದ ದೇಶದ ಶಾಲೆಗಳಿಗೆಲ್ಲ ಒಯ್ದಿತು. ಅದರ ಕಣ್ಣು ಮುಖ್ಯವಾಗಿ ಸುತ್ತ ನಿಂತವರ ಮೇಲೆ.

ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು. ಈ ಹಾಳೆಯನ್ನು ಕ್ಲಾಸಿನಲ್ಲಿ ಕೊಡುವುದಾದರೆ ಹೆಸರು ಬರೆಸಬೇಡಿ, ಒಬ್ಬರದು ಇನ್ನೊಬ್ಬರು ನೋಡದ ಹಾಗೆ ಕೂರಿಸಿ. ಯಾರು ಯಾವ ಕಡೆ ಗೀಟೆಳೆದರು ಎಂದು ನಿಮಗೆ ಗೊತ್ತಾಗುತ್ತದೆ ಅನ್ನಿಸಿದರೆ ಮಕ್ಕಳು ನಿಮಗೆ ಬೇಕಾದ್ದನ್ನು ಬರೆಯುತ್ತಾರೆ. ನಾವೂ ಇನ್ಸ್‌ಪೆಕ್ಟರು ಬಂದಾಗ ಹಾಗೇ ಮಾಡುತ್ತಿದ್ದೆವು.

ನಾನೇ ಒಂದು ಸಂಜೆ ಇದನ್ನು ಕೇರಿಯ ಅಂಬೇಡ್ಕರ್ ಭವನದಲ್ಲಿ ಪಾಠಕ್ಕೆ ಬರುವ ಮಕ್ಕಳ ಮುಂದೆ ಓದಿದೆ. ಆರರಿಂದ ಹತ್ತನೇ ಕ್ಲಾಸಿನವರು. ಪರೀಕ್ಷೆ ಮಾಡಲಿಕ್ಕಲ್ಲ, ಕನ್ನಡದಲ್ಲಿ ಕೂರುತ್ತದೋ ನೋಡೋಣ ಅಂತ ನಾಲ್ಕೈದು ಮಾತನ್ನು ನಮ್ಮ ಭಾಷೆಯಲ್ಲಿ ಬರೆದುಕೊಂಡಿದ್ದೆ. ಮೊದಲನೆಯದು ಹೀಗಿತ್ತು: ಒಬ್ಬ ಹುಡುಗನ್ನ ಎಲ್ಲಾರೂ ಸೇರ್ಕೊಂಡು ಹೊಡೀತಿದ್ರೆ ನಾನು ಹೋಗಿ ಬಿಡಿಸ್ತೀನಿ. ಹೌದು, ಗೊತ್ತಿಲ್ಲ, ಇಲ್ಲ.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಪೆನ್ನು ಎತ್ತಿದವಳು ಅಲ್ಲೇ ನಿಲ್ಲಿಸಿದಳು.

"ಯಾವ ಹುಡುಗ, ಅಣ್ಣಾ?"

"ಯಾವನಾದ್ರೂ ಆಗ್ಲಿ ಕಣವ್ವ. ಒಬ್ಬ ಹುಡುಗ."

"ಹಂಗಲ್ಲ. ನಮ್ಮ ಕೇರಿಯೋನಾ, ಊರೋನಾ?"

ನಾನು ತಡವರಿಸಿದೆ. ಪಟ್ಟಿಯಲ್ಲಿ ಅದಿರಲಿಲ್ಲ. ಅಷ್ಟರಲ್ಲಿ ಹಿಂದೆ ಕೂತಿದ್ದ ಚೋಟುದ್ದದ ಹುಡುಗ ಬಾಯಿ ಹಾಕಿದ.

"ಊರೋನಾದ್ರೆ ಬಿಡಿಸಾಕೆ ಹೋಗಿ ಮುಟ್ಟುದ್ರೆ ಅವರವ್ವ ಬೈತಾಳೆ. ಗೊತ್ತಿಲ್ಲ ಅಂತ ಹಾಕ್ಲಾ?"

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಒಂದೇ ಮಾತಿದ್ದ ಕಡೆ ನಾಲ್ಕು ಮಾಡಿದಳು. ಕೇರಿ ಹುಡುಗನ್ನ ಊರೋರು ಹೊಡೀತಿದ್ರೆ. ಊರ ಹುಡುಗನ್ನ ಊರೋರೇ ಹೊಡೀತಿದ್ರೆ. ಊರ ಹುಡುಗನ್ನ ನಮ್ಮೋರು ಹೊಡೀತಿದ್ರೆ. ನಮ್ಮ ಹುಡುಗನ್ನ ನಮ್ಮೋರೇ ಹೊಡೀತಿದ್ರೆ. ಹತ್ತನೇ ಕ್ಲಾಸಿನ ಹುಡುಗರು ನಾಲ್ಕನೆಯದು ಯಾಕೆ ಬೇಕು, ನಮ್ಮಲ್ಲಿ ಹಂಗೆ ನಡೆಯೋದೇ ಇಲ್ಲ ಅಂತ ಜಗಳಕ್ಕೆ ನಿಂತರು. ಅವಳು ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನಾಲ್ಕನೆಯದನ್ನೂ ಇಟ್ಟುಕೊಳ್ಳೋಣ ಅಂದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮೊಬೈಲಿನ ಬೆಳಕು ಹಿಡಿದುಕೊಂಡು ಒಂದೇ ಹಾಳೆಯ ಮೇಲೆ ನಾಲ್ಕೈದು ತಲೆ ಬಗ್ಗಿಸಿ ಗೀಟು ಎಳೆದರು. ಒಬ್ಬರದು ಇನ್ನೊಬ್ಬರು ನೋಡಿಕೊಂಡೇ.